ಇಂಗ್ಲೆಂಡಿಗೆ ಹೊರಟ ನಮ್ಮ ಹೆಣ್ಣುಮಕ್ಕಳಿಗೆ: ಲೈಂಗಿಕ ದೌರ್ಜನ್ಯವಾದರೆ ಎಲ್ಲಿಗೆ ಹೋಗಬೇಕು

ಬೆಳಗಾವಿ, ವಿಜಯಪುರದ ಕಡೆ ಅತ್ಯಾಚಾರ ನಡೆದರೆ 'ಹುಡುಗಿ ಕೆಟ್ಟಳು' ಎನ್ನುವವರು ಇಂದಿಗೂ ಇದ್ದಾರೆ. ಕೆಡಿಸಿದವನು ಆ ಮಾತಿನಲ್ಲಿ ಇರುವುದೇ ಇಲ್ಲ. ನರ್ಸ್ ಆಗಿ, ವಿದ್ಯಾರ್ಥಿನಿಯಾಗಿ, ಗಂಡನ ವೀಸಾದ ಮೇಲೆ ಇಂಗ್ಲೆಂಡಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಆ ಮಾತನ್ನು ಹೊತ್ತುಕೊಂಡೇ ವಿಮಾನ ಹತ್ತುತ್ತಾರೆ. ಪೊಲೀಸರೆಂದರೆ ಅವರಿಗೆ ನಾಲಿಗೆಯೇ ಏಳುವುದಿಲ್ಲ.

ಅಲ್ಲಿ ವಯಸ್ಕರು ಚಿಕಿತ್ಸೆ ಪಡೆಯಲು ಪೊಲೀಸರಿಗೆ ದೂರು ಕೊಡಲೇಬೇಕೆಂದಿಲ್ಲ. 'ಸೆಕ್ಷುಯಲ್ ಅಸಾಲ್ಟ್ ರೆಫರಲ್ ಸೆಂಟರ್' ಎಂಬ ಕೇಂದ್ರಗಳು ಇದಕ್ಕೆಂದೇ ಇವೆ. ನೀವೇ ಫೋನ್ ಮಾಡಿ ಹೋಗಬಹುದು, ಹಣ ಕೊಡಬೇಕಾಗಿಲ್ಲ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಶುರು ಮಾಡಬೇಕು. ಮೈಮೇಲಿನ ಸಾಕ್ಷ್ಯ 7 ದಿನಗಳವರೆಗೂ ಸಿಗಬಹುದು. ಮೈ ತೊಳೆದು, ಬಟ್ಟೆ ಒಗೆದು ಬಿಡಬೇಕೆಂದು ಜೀವ ಹಪಹಪಿಸುತ್ತದೆ; ಸಾಧ್ಯವಾದರೆ ತಡೆದುಕೊಳ್ಳಿ. ಆಗಲೇ ತೊಳೆದಿದ್ದರೂ ಹೋಗಿ. ದೂರು ಕೊಡುವ ಬಗ್ಗೆ ನೀವು ಯೋಚಿಸುವಷ್ಟು ಕಾಲ ಅಲ್ಲಿ ತೆಗೆದುಕೊಂಡ ಸಾಕ್ಷ್ಯದ ಮಾದರಿಗಳನ್ನು ಕಾಪಾಡಿ ಇಡುವ ವ್ಯವಸ್ಥೆಯಿದೆ. ಎಷ್ಟು ದಿನ ಎಂಬುದನ್ನು ಅಲ್ಲೇ ಕೇಳಿಕೊಳ್ಳಿ.

ದುಭಾಷಿಯನ್ನು ಕೇಳಿ, ಕನ್ನಡದವರನ್ನೇ ಕೇಳಿ. ಬೆಳಗಾವಿಯ ಪೇಟೆಯಲ್ಲಿ ಮರಾಠಿ, ಹಿಂದಿಯಲ್ಲಿ ಸಲೀಸಾಗಿ ವ್ಯವಹರಿಸುವ ನಾವು 'ಹಿಂದಿಯಾದರೂ ನಡೆಯುತ್ತದೆ' ಎಂದುಬಿಡುತ್ತೇವೆ. ತರಕಾರಿ ಕೊಳ್ಳುವ ಭಾಷೆಯಲ್ಲಿ ಈ ಸಂಗತಿ ಹೇಳಲಾಗುವುದಿಲ್ಲ. ನೆಂಟರನ್ನಂತೂ ದುಭಾಷಿಯಾಗಿ ಕೂರಿಸಬೇಡಿ.

ಗಂಡನೇ ಬಲವಂತ ಮಾಡಿದರೆ? ಭಾರತದ ಕಾನೂನು ಇಂದಿಗೂ ಅದನ್ನು ಅತ್ಯಾಚಾರವೆಂದು ಕರೆಯುವುದಿಲ್ಲ. ನನಗೆ ಇದು ನಾಚಿಕೆಯ ವಿಷಯ. ಇಂಗ್ಲೆಂಡಿನಲ್ಲಿ, ಗಂಡ ಮಾಡಿದರೂ ಅತ್ಯಾಚಾರವೇ ಎಂದ 1991ರ ತೀರ್ಪಿನ ನಂತರ, ತಾಳಿ ಗಂಡನಿಗೆ ರಕ್ಷಣೆಯಲ್ಲ. 'ವೀಸಾ ರದ್ದು ಮಾಡಿಸುತ್ತೇನೆ' ಎಂಬ ಬೆದರಿಕೆಗೂ ಉತ್ತರವಿದೆ. ಕೌಟುಂಬಿಕ ದೌರ್ಜನ್ಯದಿಂದ ಸಂಬಂಧ ಮುರಿದರೆ, ಕೆಲಸದ ಅಥವಾ ವಿದ್ಯಾರ್ಥಿ ವೀಸಾ ಇರುವವರ ಹೆಂಡತಿಯೂ 2024ರಿಂದ ತನ್ನದೇ ಹೆಸರಿನಲ್ಲಿ ಮೂರು ತಿಂಗಳ ಅನುಮತಿಗೆ ಅರ್ಜಿ ಹಾಕಬಹುದು. ಅವಧಿ ಚಿಕ್ಕದು, ಆದ್ದರಿಂದ ವಲಸೆ ವಕೀಲರನ್ನು ಬೇಗ ಕಾಣಬೇಕು.

ಅಪಾಯ ಎದುರಿಗಿದ್ದರೆ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ. ಮಾತಾಡಲಾಗದಿದ್ದರೆ, ಮೊಬೈಲಿನಲ್ಲಿ ಸೂಚನೆ ಕೇಳಿದಾಗ 55 ಒತ್ತಿ. ರೇಪ್ ಕ್ರೈಸಿಸ್ ಸಂಸ್ಥೆಯ ಸಹಾಯವಾಣಿ 0808 500 2222 ಹಗಲೂ ರಾತ್ರಿಯೂ ಇರುತ್ತದೆ. ವರ್ಷಗಳ ನಂತರವೂ ದೂರು ಕೊಡಬಹುದು. ದೂರು ಕೊಟ್ಟವರ ಹೆಸರನ್ನು ಅವರ ಜೀವಮಾನವಿಡೀ ಪ್ರಕಟಿಸುವಂತಿಲ್ಲ.

ಊರಿನಲ್ಲಿರುವ ತಂದೆತಾಯಿಗಳೂ ಓದಿಕೊಳ್ಳಿ. ಚಳಿಗಾಲದಲ್ಲಿ ಅಲ್ಲಿ ರಾತ್ರಿ ಹನ್ನೊಂದಾದಾಗ ನಮ್ಮಲ್ಲಿ ನಸುಕಿನ ನಾಲ್ಕೂವರೆ. ಆ ಹೊತ್ತಿಗೆ ಮಗಳ ಫೋನ್ ಬಂದರೆ 'ಅಲ್ಲಿಗೆ ಯಾಕೆ ಹೋಗಿದ್ದೆ' ಎನ್ನಬೇಡಿ. 'ಈಗ ಎಲ್ಲಿದ್ದೀ ತಾಯಿ, ಜೊತೆಗೆ ಯಾರಿದ್ದಾರೆ' ಎಂದು ಕೇಳಿ, ಅವಳಾಗಿ ಇಡುವ ತನಕ ಫೋನ್ ಇಡಬೇಡಿ.