ಒಮ್ಮೆ ಕಳವಾದ ಮನೆಗೆ ಕಳ್ಳರು ಮತ್ತೆ ಬಾರದಂತೆ ತಡೆಯುವುದು ಹೇಗೆ?

ಕಳ್ಳತನವಾದ ಮನೆಯ ಕಡೆಗೆ ಕಳ್ಳರು ಮತ್ತೆ ತಲೆಹಾಕುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಆದರೆ ಒಮ್ಮೆ ಒಳಹೊಕ್ಕವರಿಗೆ ಹಿತ್ತಲ ದಾರಿ, ಬೀರು ಇರುವ ಕೋಣೆ, ಮನೆಯವರು ಹೊರಹೋಗುವ ಹೊತ್ತು ಎಲ್ಲವೂ ತಿಳಿದಿರುತ್ತದೆ. ಹೊತ್ತೊಯ್ಯಲಾಗದೆ ಬಿಟ್ಟದ್ದೂ ನೆನಪಿರುತ್ತದೆ. ಎರಡನೆಯ ಕಳವಿನ ಅಪಾಯ ಮೊದಲ ಕೆಲವು ವಾರಗಳಲ್ಲೇ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿರುವುದರಿಂದ, ದುರಸ್ತಿಯನ್ನು ಮುಂದಿನ ತಿಂಗಳಿಗೆ ತಳ್ಳಬಾರದು.

ಮೊದಲು 112ಕ್ಕೆ ಕರೆ ಮಾಡಿ, ಬೆರಳಚ್ಚು ತಜ್ಞರು ಬಂದು ಹೋಗುವವರೆಗೆ ಬಾಗಿಲು, ಬೀರುಗಳನ್ನು ಮುಟ್ಟದಿರಿ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ರಾತ್ರಿ ಗಸ್ತು ನಿಮ್ಮ ಬೀದಿಗೂ ಬರುವಂತೆ ಠಾಣೆಯಲ್ಲಿ ಆಗಲೇ ಕೇಳಿಕೊಳ್ಳಿ.

ಪೊಲೀಸರ ಪರಿಶೀಲನೆ ಮುಗಿದ ದಿನವೇ ಕಳ್ಳರು ಒಳಬಂದ ಜಾಗವನ್ನು ಭದ್ರಪಡಿಸಿ. ದೊಡ್ಡ ಬೀಗ ತಂದು ಹಾಕಿದರೆ ಸಾಲದು, ಏಕೆಂದರೆ ಎಷ್ಟೋ ಸಲ ಬೀಗ ಗಟ್ಟಿಯಾಗಿಯೇ ಇದ್ದು ಚಿಲಕ ಕಿತ್ತುಬಂದಿರುತ್ತದೆ. ಗಿಡ್ಡ ಸ್ಕ್ರೂಗಳಿಂದ ಕೂರಿಸಿದ ಚಿಲಕವನ್ನು ಕಬ್ಬಿಣದ ಸಲಾಕೆಯಿಂದ ಮೀಟಿದರೆ ಸ್ಕ್ರೂಗಳು ಮರದ ಚಕ್ಕೆಯ ಸಮೇತ ಹೊರಬರುತ್ತವೆ. ಬಡಗಿಯನ್ನು ಕರೆಸಿ, ಬಾಗಿಲಿನ ಈಚೆಯಿಂದ ಆಚೆಗೆ ಹಾಯುವ ಬೋಲ್ಟುಗಳನ್ನು ಹಾಕಿಸಿ, ನಟ್ಟು ಒಳಬದಿಯಲ್ಲಿ ಬರುವಂತೆ ಬಿಗಿಸಿ. ಹೊರಗೆ ನೇತಾಡುವ ಬೀಗವೇ ಮನೆಯಲ್ಲಿ ಯಾರೂ ಇಲ್ಲವೆಂದು ಸಾರುವುದರಿಂದ, ಬಾಗಿಲಿನೊಳಗೇ ಕೂರುವ ಲಾಕ್ ಇನ್ನೂ ಮೇಲು. ಬೀಗದ ಕೈಗಳಲ್ಲಿ ಒಂದು ಕಾಣೆಯಾಗಿದ್ದರೂ ಅದರ ಲಾಕ್ ಬದಲಿಸಲೇಬೇಕು. ಉಳಿದ ಒಡವೆಗಳನ್ನು ಬ್ಯಾಂಕ್ ಲಾಕರಿಗೆ ಸಾಗಿಸಿ. ಬೀರುವಿನ ಕೀಲಿಯನ್ನು ಬೀರುವಿನ ಮೇಲೆಯೇ ಇಡುವ ರೂಢಿಯನ್ನು ಬಿಡಿ. ಕಳೆದುಹೋದ ಟಿವಿಯ ಬದಲು ಹೊಸದನ್ನು ತಂದಾಗ ಅದರ ಖಾಲಿ ಪೆಟ್ಟಿಗೆಯನ್ನು ಗೇಟಿನ ಬಳಿ ಇಡಬೇಡಿ.

ಇಷ್ಟೆಲ್ಲ ಮಾಡುವವರೂ ನಾಚಿಕೆಯಿಂದಲೋ ಬೇಸರದಿಂದಲೋ ನೆರೆಯವರಿಗೆ ಹೇಳದೆ ಉಳಿಯುವುದುಂಟು. ಇಂಗ್ಲೆಂಡಿನ ರಾಚ್‌ಡೇಲ್‌ನ ಕರ್ಕ್‌ಹೋಲ್ಟ್ ಬಡಾವಣೆಯಲ್ಲಿ 1980ರ ದಶಕದಲ್ಲಿ ಕಳವಾದ ಮನೆಗಳ ಬೀಗಗಳನ್ನು ಬಲಪಡಿಸಿ, ಕಳ್ಳರನ್ನು ಸೆಳೆಯುತ್ತಿದ್ದ, ನಾಣ್ಯ ಹಾಕಿ ವಿದ್ಯುತ್ತು, ಅನಿಲ ಪಡೆಯುವ ಮೀಟರುಗಳನ್ನು ತೆಗೆಸಿ, ಸುತ್ತಲಿನ ಕೆಲವೇ ಮನೆಯವರನ್ನು ಆ ಮನೆಯ ಮೇಲೆ ಕಣ್ಣಿಡಲು ಒಪ್ಪಿಸಿದಾಗ ಕಳವುಗಳು ಗಣನೀಯವಾಗಿ ಇಳಿದವು. ಒಂದು ಮನೆ ಕಳವಾದ ಮೇಲೆ ಅಕ್ಕಪಕ್ಕದ ಮನೆಗಳಿಗೂ ಅಪಾಯ ಹೆಚ್ಚುವುದರಿಂದ ಅವರಿಗೆ ತಿಳಿಸುವುದು ನಮ್ಮ ಕರ್ತವ್ಯವೂ ಹೌದು. ಊರಿಗೆ ಹೋಗಬೇಕಾದಾಗ ಹಾಲು, ಪತ್ರಿಕೆಗಳನ್ನು ನಿಲ್ಲಿಸಿ, ದಿನವೂ ಬಾಗಿಲ ಮುಂದೆ ಗುಡಿಸಿ ರಂಗೋಲಿ ಹಾಕುವಂತೆ ಎದುರು ಮನೆಯವರನ್ನು ಕೇಳಿಕೊಳ್ಳಿ. ಅವರು ಊರಿಗೆ ಹೊರಟಾಗ ಅವರ ಮನೆಯ ಕಾವಲು ನಿಮ್ಮದಾಗಿರಲಿ.