ರಜಾ ಪತ್ರಕ್ಕೆ ಅಂಕ ಕೊಡುವ ಮುನ್ನ

ನನ್ನ ಒಂಬತ್ತನೆಯ ತರಗತಿಯ 42 ಉತ್ತರ ಪತ್ರಿಕೆಗಳಲ್ಲಿ 29 ಮಕ್ಕಳ ಅಕ್ಕಂದಿರಿಗೆ ಒಂದೇ ವಾರದಲ್ಲಿ ಮದುವೆ! ಮೂರು ದಿನ ರಜೆ ಕೋರಿ ಮುಖ್ಯಶಿಕ್ಷಕರಿಗೆ ಬರೆದ ಇಂಗ್ಲಿಷ್ ಪತ್ರ, ಗೈಡಿನಿಂದ ಬಾಯಿಪಾಠ. ಹಿಂದೆಲ್ಲ ನಾನೂ ಅದಕ್ಕೆ ಐದಕ್ಕೆ ನಾಲ್ಕು ಹಾಕುತ್ತಿದ್ದೆ. ಅಳೆದದ್ದು ನೆನಪಿನ ಶಕ್ತಿಯನ್ನು, ಜೊತೆಗೆ ಕೈಬರಹವನ್ನು.

ಹಾಗಾಗಿ ಮೊದಲು ಪ್ರಶ್ನೆಯನ್ನು ಬದಲಿಸಿ. ಗೈಡಿನಲ್ಲಿ ಸಿಗದ, ಮಗು ಕಣ್ಣಾರೆ ಕಂಡ ವಿಷಯವಿರಲಿ: ನಿನ್ನೆ ಬಿಸಿಯೂಟದ ಸಾಲಿನಲ್ಲಿ ಏನಾಯಿತು? ಎಂಟು ಸಾಲು, ಇಪ್ಪತ್ತು ನಿಮಿಷ ಸಾಕು.

ಮೊದಲ ಸಲ ಓದುವಾಗ ಕೆಂಪು ಪೆನ್ನು ಬೀರುವಿನಲ್ಲಿರಲಿ. ಕೈಯಲ್ಲಿದ್ದರೆ ಅದು ಸುಮ್ಮನಿರುವುದಿಲ್ಲ. ಮಗು ಹೇಳಹೊರಟದ್ದು ನಿಮಗೆ ತಿಳಿಯಿತೇ ಎಂಬುದನ್ನಷ್ಟೇ ನೋಡಿ.

ಅಂಕ ಎರಡನೆಯ ಓದಿಗೆ. 1981ರಲ್ಲಿ ಹಾಲಿ ಜೇಕಬ್ಸ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ಪ್ರಕಟಿಸಿದ, ಇಂಗ್ಲಿಷ್ ಬರವಣಿಗೆಗೆ ನೂರಕ್ಕೆ ಅಂಕ ಕೊಡುವ ಅಳತೆಪಟ್ಟಿಯನ್ನು ನಾನು ಈಗಲೂ ಬಳಸುತ್ತೇನೆ: ವಿಷಯಕ್ಕೆ 30, ವ್ಯಾಕರಣವೂ ಸೇರಿದ ಭಾಷಾ ಬಳಕೆಗೆ 25, ವಿಚಾರಗಳ ಜೋಡಣೆಗೆ 20, ಪದಸಂಪತ್ತಿಗೆ 20. ಸ್ಪೆಲಿಂಗ್, ವಿರಾಮಚಿಹ್ನೆಗಳಿಗೆಲ್ಲ ಸೇರಿ ಬರೀ 5. ನಾವು ಸುತ್ತು ಹಾಕುವುದು ಮಾತ್ರ ಹೆಚ್ಚಾಗಿ ಆ ಐದಕ್ಕೇ.

ತಪ್ಪಿನ ಬೇರನ್ನೂ ಹುಡುಕಿ. 'ಮೈ ಫಾದರ್ ಫಾರ್ಮರ್' ಎಂದು ಬರೆದವನು ಸೋಮಾರಿಯಲ್ಲ. 'ನನ್ನ ತಂದೆ ರೈತ' ಎನ್ನುವಾಗ ಕನ್ನಡಕ್ಕೆ ಕ್ರಿಯಾಪದ ಬೇಕಿಲ್ಲ. ಅದಕ್ಕೇ ಅವನ 'ಈಸ್' ಬಿದ್ದುಹೋಗಿದೆ. ಐದು ಸಾಲಿನಲ್ಲಿ ಹಾಗೇ ಬಂದರೂ ಅದು ಒಂದೇ ತಪ್ಪು; ಐದು ಸಲ ಅಂಕ ಕಳೆಯಬೇಡಿ. 'ಎ', 'ದಿ'ಗಳ ಗೊಂದಲವನ್ನು ನಾನು ಈ ತರಗತಿಯಲ್ಲಿ ಎಣಿಸುವುದೇ ಇಲ್ಲ. ಸಹೋದ್ಯೋಗಿಗಳಿಗೆ ಇದು ಒಪ್ಪಿಗೆಯಿಲ್ಲ, ಇರಲಿ.

ಹೆಸರು ಕಾಣದಂತೆ ಹಾಳೆಯ ಮೇಲ್ತುದಿ ಮಡಚಿಡಿ. ಒಂದೇ ಪತ್ರಿಕೆಗೆ ಬೆಳಿಗ್ಗೆ 62, ರಾತ್ರಿ ನಿದ್ದೆಗಣ್ಣಿನಲ್ಲಿ 48 ಕೊಟ್ಟವನು ನಾನು. ಹತ್ತು ಪತ್ರಿಕೆಗಳನ್ನಾದರೂ ಇನ್ನೊಬ್ಬರಿಂದ ಓದಿಸಿ; ಅಂಕಗಳಲ್ಲಿ ಹೆಚ್ಚು ಅಂತರವಿದ್ದರೆ ಕೂತು ಮಾತಾಡಿ.

ಕೊನೆಗೆ, ಅಂಕ ತಿಳಿಸದೆ ಒಂದೇ ಒಂದು ಸಲಹೆ ಬರೆದು ಹಾಳೆ ಹಿಂತಿರುಗಿಸಿ, ಮತ್ತೆ ಬರೆಸಿ. ಎರಡೂ ಪ್ರತಿಗಳನ್ನು ಕಡತದಲ್ಲಿಡಿ. ಒಬ್ಬ ಹುಡುಗಿ ಮೊದಲು ಬರೆದದ್ದು: 'ಸಾಂಬಾರ್ ಫಾಲ್. ಆಲ್ ಲಾಫ್.' ನಾನು ಪಕ್ಕದಲ್ಲಿ 'ಯಾರು ನಗಲಿಲ್ಲ?' ಎಂದು ಕೇಳಿದ್ದೆ. ಎರಡನೆಯ ಪ್ರತಿಯಲ್ಲಿ: 'ಸಾಂಬಾರ್ ಬಕೆಟ್ ಫೆಲ್. ಆಲ್ ಲಾಫ್ಡ್, ಬಟ್ ಕುಕ್ ಆಂಟಿ ನಾಟ್ ಲಾಫ್.' ವ್ಯಾಕರಣ ಇನ್ನೂ ಕುಂಟುತ್ತಿತ್ತು. ಆ 'ಬಟ್' ನೋಡಿ ಜೋಡಣೆಗೆ ಇಪ್ಪತ್ತಕ್ಕೆ ಹದಿನಾರು ಹಾಕಿದೆ.