ಹಡಗು ಬಾರದ ದಿನ ಗ್ರೆನಡಾದಲ್ಲಿ ಸಂತೆ

ಕೆರಿಬಿಯನ್ ದ್ವೀಪಕ್ಕೆ ಹೋಗಿ, ಡ್ಯೂಟಿ ಫ್ರೀ ಅಂಗಡಿಗೆ ಕಾಲಿಡದೆ, ಮೂವತ್ತು ಮನೆಗೆ ಹಂಚುವಷ್ಟು ಸಾಮಾನನ್ನು ಹೆಚ್ಚುಕಡಿಮೆ ನೂರು ಅಮೆರಿಕನ್ ಡಾಲರಿನಲ್ಲಿ ತರಬಹುದು ಅಂತ ನಾನು ಹೇಳುತ್ತಲೇ ಇದ್ದೆ. ನ್ಯೂಜೆರ್ಸಿಯ ನಮ್ಮ ಬಳಗದಲ್ಲಿ ಯಾರೂ ನಂಬಲಿಲ್ಲ. "ಅಲ್ಲ ಮಾರಾಯ, ಶಿರಸಿಯವನು ಜಾಯಿಕಾಯಿ ತರೋಕೆ ಗ್ರೆನಡಾಕ್ಕೆ ಹೋಗ್ತೀಯಾ?" ಅಂದರು. ಈ ಸಲ ತಂದು ಹಂಚಿಯೂ ಆಯಿತು. ಹಾಗಂದವರೇ ಈಗ ಎಲ್ಲಿ ತಗೊಂಡೆ, ಎಷ್ಟಕ್ಕೆ ತಗೊಂಡೆ ಅಂತ ಫೋನ್ ಮಾಡುತ್ತಿದ್ದಾರೆ.

ಮೊದಲೆಲ್ಲ ನಾವೂ ಎಲ್ಲರ ಹಾಗೇ ಇನ್ನೊಂದು ಕೆರಿಬಿಯನ್ ದ್ವೀಪ ಸೇಂಟ್ ಥಾಮಸ್‌ಗೆ ಹೋಗಿ ಅಲ್ಲಿನ ಶಾರ್ಲಟ್ ಅಮಾಲಿ ಪೇಟೆಯ ಮೇನ್ ಸ್ಟ್ರೀಟಿನಲ್ಲಿ ಸುತ್ತಿದವರು. ಅಲ್ಲಿ ಒಂದು ಅಂಗಡಿಯಲ್ಲಿ "ಅರ್ಧ ಬೆಲೆ" ಅಂತ ಕೊಟ್ಟ ವಾಚು ನಮ್ಮೂರಿನ ಮಾಲಿನಲ್ಲಿ ಹತ್ತೋ ಹದಿನೈದೋ ಡಾಲರ್ ಕಡಿಮೆಗೇ ಸಿಗುತ್ತಿತ್ತು. ಫ್ರಿಜ್ ಮ್ಯಾಗ್ನೆಟ್, ಟೀ ಶರ್ಟು, ಕೀ ಚೈನಿಗೆ ಅಂತ ಒಂದೊಂದು ಪ್ರವಾಸದಲ್ಲೂ ಇನ್ನೂರೈವತ್ತರ ಮೇಲೆ ಹೋಗುತ್ತಿತ್ತು. ಅದರಲ್ಲಿ ಆ ದ್ವೀಪದಲ್ಲೇ ಮಾಡಿದ್ದು ಒಂದೂ ಇರುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿದ್ದುದು ಅದಕ್ಕೆ.

ಗ್ರೆನಡಾ ಬೇರೆ. ಅವರ ಬಾವುಟದಲ್ಲೇ ಜಾಯಿಕಾಯಿ ಇದೆ. ಆದರೆ ಅಲ್ಲೂ ದಿನ ನೋಡಿ ಹೋಗಬೇಕು. ರಾಜಧಾನಿ ಸೇಂಟ್ ಜಾರ್ಜಸ್ ಬಂದರಿಗೆ ಯಾವ ದಿನ ಯಾವ ಕ್ರೂಸ್ ಹಡಗು ಬರುತ್ತದೆ ಅನ್ನುವ ಪಟ್ಟಿ ತಿಂಗಳುಗಟ್ಟಲೆ ಮೊದಲೇ ಸಿಗುತ್ತದೆ. ಎಲ್ಲರೂ ಅದನ್ನು ನೋಡಿ ಹಡಗಿನ ದಿನ ಪೇಟೆಗೆ ಹೋಗುತ್ತಾರೆ, ನಾನು ಹಡಗಿಲ್ಲದ ದಿನ ಹೋಗುತ್ತೇನೆ. ಹಡಗಿಲ್ಲದ ಶನಿವಾರ ಸಿಕ್ಕರೆ ಇನ್ನೂ ಒಳ್ಳೆಯದು, ಅವತ್ತು ಮಾರ್ಕೆಟ್ ಸ್ಕ್ವೇರಿಗೆ ಊರಿನವರೇ ಜಾಸ್ತಿ ಬರುತ್ತಾರೆ. ಹಡಗಿನ ದಿನ ಹತ್ತು ಹೇಳಿದ ಮಸಾಲೆ ಪೊಟ್ಟಣಕ್ಕೆ ಅವತ್ತು ಐದೋ ಆರೋ ಹೇಳಿದರು.

ಆ ಹತ್ತು ಯಾವ ಹತ್ತು ಅಂತ ಮೊದಲೇ ಕೇಳಿಕೊಳ್ಳಿ. ಅಲ್ಲಿನ ಈಸ್ಟರ್ನ್ ಕೆರಿಬಿಯನ್ ಡಾಲರು 1976ರಿಂದ ಒಂದು ಅಮೆರಿಕನ್ ಡಾಲರಿಗೆ 2.70ರ ಲೆಕ್ಕದಲ್ಲೇ ನಿಂತಿದೆ. ಸುಮ್ನೆ "ಟೆನ್ ಡಾಲರ್ಸ್" ಅಂದಾಗ ಅಮೆರಿಕನ್ ನೋಟು ಚಾಚಿದರೆ ಎರಡೂವರೆ ಪಟ್ಟಿಗಿಂತ ಜಾಸ್ತಿ ಕೊಟ್ಟ ಹಾಗಾಯಿತು. ಎಟಿಎಮ್ಮಿನಿಂದ ಅಲ್ಲಿನ ದುಡ್ಡೇ ತೆಗೆದು ಚಿಲ್ಲರೆ ಮಾಡಿಟ್ಟುಕೊಳ್ಳುತ್ತೇನೆ. ಗ್ರ್ಯಾಂಡ್ ಆನ್ಸ್ ಕಡಲತೀರದಿಂದ ಪೇಟೆಗೆ ಟ್ಯಾಕ್ಸಿ ಬೇಡ, ಒಂದನೇ ನಂಬರಿನ ವ್ಯಾನು ಸಾಕು.

ಇನ್ನು ಚೌಕಾಸಿ. ನಮ್ಮವರು ಹೋದ ತಕ್ಷಣ ಅರ್ಧಕ್ಕೆ ಕೇಳುತ್ತಾರೆ. ಅಲ್ಲಿ ಅದು ನಡೆಯುವುದಿಲ್ಲ, ಅಜ್ಜಿಯರು ಮುಖ ತಿರುಗಿಸಿಬಿಡುತ್ತಾರೆ. ಮೊದಲು ಗುಡ್ ಮಾರ್ನಿಂಗ್ ಹೇಳಬೇಕು. ಹೇಳಿದ ಬೆಲೆ ಕೊಟ್ಟು, ದುಡ್ಡು ಅವರ ಕೈ ಸೇರಿದ ಮೇಲೆ ಕೊಸರು ಕೇಳಬೇಕು. ನಮ್ಮ ಸಂತೆಯಲ್ಲಿ ಕೊತ್ತಂಬರಿ ಕಟ್ಟು ಕೇಳುವ ಹಾಗೆ. ಹನ್ನೆರಡು ಜಾಯಿಕಾಯಿ ಎಣಿಸಿದ ಅಜ್ಜಿ ಕೊಸರಿಗೆ ಇನ್ನೊಂದು ಮುಷ್ಟಿ ಹಾಕಿ, ಮೇಲೆ ಎರಡು ಚಕ್ಕೆ ಇಟ್ಟರು. ಯಾವ ಮೂಲೆಯ ಅಂಗಡಿ ಅಂತ ಮಾತ್ರ ಹೇಳುವುದಿಲ್ಲ.

ಜಾಯಿಕಾಯಿ ಆರಿಸುವುದು ನಮಗೆ ಮನೆಯ ವಿದ್ಯೆ. ಕರಟ ಇರುವುದನ್ನೇ ತಗೊಳ್ಳಿ, ಪರಿಮಳ ಹೆಚ್ಚು ದಿನ ಉಳಿಯುತ್ತದೆ. ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಗಟ್ಟಿಯಾಗಿ ಸದ್ದಾಗಬೇಕು, ಆಗ ಒಣಗಿದೆ ಅಂತ ಅರ್ಥ. ಒಂದನ್ನು ಒಡೆಸಿ ಉಗುರಿನಲ್ಲಿ ಗೀರಿ. ಗೀರಿದಲ್ಲಿ ಎಣ್ಣೆ ಜಿನುಗಬೇಕು. ಸಣ್ಣ ತೂತು ಕಂಡರೆ ಹುಳ ಹಿಡಿದಿದೆ, ಆ ರಾಶಿಯೇ ಬೇಡ. ಜಾಪತ್ರೆ ಮುಟ್ಟಿದರೆ ಪುಡಿಯಾಗಬಾರದು. ಗುಯಾವ್ ಊರಿನ ಸಂಸ್ಕರಣಾ ಘಟಕದಲ್ಲಿ ಇದನ್ನೆಲ್ಲ ಹೆಂಗಸರು ಕೈಯಲ್ಲೇ ವಿಂಗಡಿಸುತ್ತಾರೆ. ನೀರಿಗೆ ಹಾಕಿ, ಮುಳುಗಿದ್ದು ಒಳ್ಳೆಯ ಮಾಲು, ತೇಲಿದ್ದು ಎರಡನೇ ದರ್ಜೆ. 2004ರಲ್ಲಿ ಐವಾನ್ ಚಂಡಮಾರುತ ದ್ವೀಪದ ಜಾಯಿಕಾಯಿ ಮರಗಳಲ್ಲಿ ಬಹುಪಾಲನ್ನು ಉರುಳಿಸಿತು. ನೆಟ್ಟ ಗಿಡ ಫಲ ಕೊಡಲು ಆರೇಳು ವರ್ಷವಾದರೂ ಬೇಕು, ತೋಟ ಇರುವವರಿಗೆ ಆ ಸಂಕಟ ಗೊತ್ತು. ಅಲ್ಲಿ ಬೆಲೆ ಇಳಿಸಿ ಕೇಳಲು ನನಗೆ ಮನಸ್ಸೇ ಬರುವುದಿಲ್ಲ.

ಕಟ್ಟಿಕೊಡುವುದಕ್ಕೆ ಮನೆಯಿಂದಲೇ ಪುಟ್ಟ ಬಟ್ಟೆ ಚೀಲ ಒಯ್ದಿದ್ದೆ. ಅರಿಶಿನ ಕುಂಕುಮಕ್ಕೆ ಬಂದು ಬೀರುವಿನಲ್ಲಿ ಕೂತಿದ್ದ ರವಿಕೆ ಕಣಗಳನ್ನು ನನ್ನ ಹೆಂಡತಿ ಹೊಲಿದು ಚೀಲ ಮಾಡಿದ್ದಳು. ಒಂದೊಂದರಲ್ಲಿ ಮೂರು ಜಾಯಿಕಾಯಿ, ಒಂದು ಎಸಳು ಜಾಪತ್ರೆ, ಒಂದು ಕೋಕೋ ಉಂಡೆ. ಒಂದು ಚೀಲಕ್ಕೆ ಎರಡೂವರೆ, ಮೂರು ಅಮೆರಿಕನ್ ಡಾಲರ್ ಬಿದ್ದಿರಬಹುದು.

ಕೋಕೋ ಉಂಡೆಯನ್ನು ಅಲ್ಲಿ ತುರಿದು, ಚಕ್ಕೆ ಹಾಕಿ ಕುದಿಸಿ, ಹಾಲು ಸಕ್ಕರೆ ಬೆರೆಸಿ ಕುಡಿಯುತ್ತಾರೆ. ನಾನು ಸಕ್ಕರೆ ಬಿಟ್ಟು ಜೋನಿಬೆಲ್ಲ ಹಾಕಿ ನೋಡಿದೆ. ಕುದಿಯುವಾಗ ಹಾಕಿದ್ದಕ್ಕೆ ಹಾಲು ಒಡೆಯಿತು. ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಹಾಕಿದರೆ ಬಹಳ ಚೆನ್ನಾಗಿರುತ್ತದೆ. ಈಗ ನಮ್ಮ ಮಕ್ಕಳಿಗೆ ಶನಿವಾರ ಬೆಳಿಗ್ಗೆ ಇದೇ ಬೇಕು.

ಜಾಯಿಕಾಯಿ, ಚಕ್ಕೆ ಮುಂತಾದವನ್ನು ಪೋಣಿಸಿದ ಮಸಾಲೆ ಹಾರ ಹಿಂದೊಮ್ಮೆ ತಂದಾಗ ಹುಳ ಬಿದ್ದು ಹಾಳಾಯಿತು. ಈ ಸಲ ಬಂದ ಕೂಡಲೇ ಕೆಲವು ದಿನ ಫ್ರೀಜರಿನಲ್ಲಿಟ್ಟೆ, ಈವರೆಗೆ ಏನೂ ಆಗಿಲ್ಲ. ಸ್ಯಾಫ್ರನ್ ಅಂತ ಅಗ್ಗಕ್ಕೆ ಮಾರುವ ಹಳದಿ ಪುಡಿ ನಮ್ಮ ಅರಿಶಿನವೇ, ಕೇಸರಿ ಅಂತ ತರಬೇಡಿ. ಗ್ರೆನಡಾ ಚಾಕೊಲೇಟ್ ಕಂಪನಿಯ ಕಪ್ಪು ಚಾಕೊಲೇಟ್ ನನಗೆ ಇಷ್ಟ, 71 ಪರ್ಸೆಂಟಿನದು ಸಾಕು. ಅದು ಕರಗದ ಹಾಗೆ ತರುವ ಉಪಾಯ ಒಂದಿದೆ, ಮನೆಗೆ ಬಂದವರಿಗೆ ಹೇಳುತ್ತೇನೆ.

ರಮ್ ಬೇಕಿದ್ದವರು 1785ರಿಂದ ನಡೆಯುತ್ತಿರುವ ರಮ್ ಕಾರ್ಖಾನೆ ರಿವರ್ ಆಂಟ್ವಾನ್‌ಗೆ ಹೋಗಿ. ಕಬ್ಬು ಅರೆಯುವುದು ಈಗಲೂ ನೀರಿನ ಚಕ್ರದಲ್ಲೇ. ವಿಮಾನದಲ್ಲಿ 70 ಪರ್ಸೆಂಟ್ ಆಲ್ಕೋಹಾಲಿಗಿಂತ ಕಡಕ್ಕಾದದ್ದನ್ನು ಒಯ್ಯಲು ಬಿಡುವುದಿಲ್ಲ, ಹಾಗಾಗಿ 69ರ ಬಾಟಲಿ ಕೇಳಿ ತಗೊಳ್ಳಿ.

ಕಪ್ಪು ಹವಳ, ಆಮೆ ಚಿಪ್ಪಿನ ಒಡವೆ ಯಾರು ಎಷ್ಟಕ್ಕೆ ಕೊಟ್ಟರೂ ಬೇಡ. ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ಳುತ್ತಾರೆ, ದಂಡವೂ ಬೀಳಬಹುದು. ಪುಡಿ ಇದ್ದರೆ ಚೆಕ್ ಇನ್ ಬ್ಯಾಗಿಗೆ ಹಾಕಿ. ಅಮೆರಿಕದಲ್ಲಿ ಇಳಿದಾಗ ಮಸಾಲೆ ತಂದಿದ್ದೇನೆ ಅಂತ ನಾನೇ ಹೇಳಿದೆ. ಅಧಿಕಾರಿ ಒಂದು ಚೀಲ ಬಿಚ್ಚಿ ಮೂಸಿ ನೋಡಿ, ಹೋಗಿ ಅಂದರು.